ಇಬ್ಬರಿಗೂ ಸೇರಿಸಿ ಒಂದೇ ಉತ್ತರ ಇರಲಿಲ್ಲ

ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ, ಮಕ್ಕಳಿಗೆ ಹೆಸರಿರುವುದಿಲ್ಲ. ಕಾಲಿಗೆ ಕಟ್ಟುವ ಪಟ್ಟಿಯ ಮೇಲೆ ಅಮ್ಮನ ಹೆಸರು ಬರೆಯುತ್ತಾರೆ. ಅವಳಿಗಳಾದರೆ ಅದರ ಪಕ್ಕದಲ್ಲಿ ಟ್ವಿನ್ 1, ಟ್ವಿನ್ 2. ನನ್ನ ಮಕ್ಕಳು ಎಷ್ಟೋ ವಾರ ಹಾಗೆಯೇ ಇದ್ದರು. ಟ್ವಿನ್ 1 ಮಗ, ಹುಟ್ಟುವಾಗ 1,380 ಗ್ರಾಂ. ಟ್ವಿನ್ 2 ಮಗಳು, 1,150 ಗ್ರಾಂ. ಇಬ್ಬರೂ 30 ವಾರಕ್ಕೆ ಹುಟ್ಟಿದವರು. ಹೊಟ್ಟೆಯಲ್ಲಿ 37 ವಾರ ಪೂರ್ತಿಯಾಗಿ ಹುಟ್ಟಿದರೆ ತಿಂಗಳು ತುಂಬಿದ ಮಗು ಅನ್ನುತ್ತಾರೆ. ನಮ್ಮವರಿಗೆ ಇನ್ನೂ ಏಳು ವಾರ ಬಾಕಿ ಇತ್ತು.

ಅವಳಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹೀಗೆ ಬೇಗ ಬರುತ್ತಾರೆ. ಅವಳಿ ಅಲ್ಲದವರನ್ನೂ ಸೇರಿಸಿದರೆ, 2020ರಲ್ಲಿ ನಮ್ಮ ದೇಶ ಒಂದರಲ್ಲೇ ಸುಮಾರು 30 ಲಕ್ಷ ಮಕ್ಕಳು ತಿಂಗಳು ತುಂಬುವ ಮೊದಲೇ ಹುಟ್ಟಿದರು. ಜಗತ್ತಿನ ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಇಷ್ಟು ಮನೆಗಳಲ್ಲಿ ಆಗುವ ಸಂಗತಿ ಇದು. ಆದರೂ ಆಸ್ಪತ್ರೆಯ ಬೆಂಚಿನಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದಾಗ, ಇದನ್ನು ಅನುಭವಿಸಿದ ಅಮ್ಮನೊಬ್ಬಳು ಕನ್ನಡದಲ್ಲಿ ಬರೆದದ್ದು ನನಗೆ ಸಿಗಲಿಲ್ಲ. ಅವಳಿಗಳ ಬಗ್ಗೆಯಂತೂ ಏನೂ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಒಂದು ಮಗು ಎನ್‌ಐಸಿಯುನಲ್ಲಿ ಇರುವುದಕ್ಕೂ ಎರಡು ಮಕ್ಕಳು ಇರುವುದಕ್ಕೂ ವ್ಯತ್ಯಾಸ ಇದೆ. ಕಷ್ಟ ಎರಡು ಪಟ್ಟು ಅನ್ನುವುದು ಆ ವ್ಯತ್ಯಾಸ ಅಲ್ಲವೇ ಅಲ್ಲ. ಒಂದೇ ದಿನ ಹುಟ್ಟಿದ ಇಬ್ಬರು ಬೇರೆ ಬೇರೆ ದಾರಿಯಲ್ಲಿ ಹೋಗುತ್ತಾರೆ. ನಾವು ಎರಡೂ ದಾರಿಯಲ್ಲಿ ಒಟ್ಟಿಗೆ ನಡೆಯಬೇಕು.

ನಮ್ಮ ಮನೆ ಮೂಡುಬಿದಿರೆ ಹತ್ತಿರ. ಆಟಿ ತಿಂಗಳ ಜೋರು ಮಳೆಯಲ್ಲಿ ಒಂದು ರಾತ್ರಿ ನೀರು ಹೋಗಲು ಶುರುವಾಯಿತು. ಹತ್ತಿರದ ಆಸ್ಪತ್ರೆಯ ಡಾಕ್ಟರಮ್ಮ ನೋಡಿದ ಕೂಡಲೇ ಒಂದು ಇಂಜೆಕ್ಷನ್ ಕೊಟ್ಟರು. ಹೊತ್ತನ್ನೂ ಡೋಸನ್ನೂ ಚೀಟಿಯಲ್ಲಿ ಬರೆದರು. ಆಮೇಲೆ ಮಂಗಳೂರಿಗೆ ಆಂಬುಲೆನ್ಸ್ ಹತ್ತಿಸಿದರು. ಕೈಕಂಬ, ಗುರುಪುರ, ವಾಮಂಜೂರು, ನಂತೂರು. ಹುಟ್ಟಿದಾಗಿನಿಂದ ಓಡಾಡಿದ ರಸ್ತೆ, ಅವತ್ತು ಮುಗಿಯಲೇ ಇಲ್ಲ.

ಆ ಇಂಜೆಕ್ಷನ್ ಬಗ್ಗೆ ಎಲ್ಲ ಬಸುರಿಯರಿಗೂ ಗೊತ್ತಿರಬೇಕು. ಅದು ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್. 12 ಗಂಟೆಗೊಮ್ಮೆ, ಒಟ್ಟು ನಾಲ್ಕು ಸಲ ಅಮ್ಮನಿಗೆ ಕೊಡುತ್ತಾರೆ. ಕೆಲಸ ಮಾಡುವುದು ಮಗುವಿನ ಶ್ವಾಸಕೋಶದ ಮೇಲೆ. ಬೇಗ ಹೆರಿಗೆ ಆಗುವ ಹಾಗಿದ್ದರೆ ಹೆಚ್ಚು ವ್ಯತ್ಯಾಸ ಮಾಡುವ ಮದ್ದು ಇದೇ. ತುಂಬಾ ಅಗ್ಗದ್ದು ಕೂಡ. ಮಂಗಳೂರಿಗೆ ಬಂದ ಮೇಲೆ ಡಾಕ್ಟರು ಮೊದಲು ಕೇಳಿದ ಪ್ರಶ್ನೆಯೇ "ಸ್ಟಿರಾಯ್ಡ್ ಆಗಿದೆಯಾ?" ಚೀಟಿ ತೋರಿಸಿದೆವು. ನಾಲ್ಕು ಡೋಸ್ ಮುಗಿಯುವಷ್ಟು ಹೊತ್ತು ಮಕ್ಕಳು ಒಳಗೇ ನಿಂತರು. ಮೂಡುಬಿದಿರೆಯ ಆ ಡಾಕ್ಟರಮ್ಮನನ್ನು ನಾನು ಈಗಲೂ ದಿನಾ ನೆನೆಯುತ್ತೇನೆ.

ಹೆರಿಗೆಯಾದ ಮೇಲೆ ಅಜ್ಜಿ ಫೋನಿನಲ್ಲಿ ಸಮಾಧಾನ ಹೇಳಿದರು. "ಏಳು ತಿಂಗಳಿನ ಮಗು ಉಳಿಯುತ್ತದೆ ಮಗಾ, ಎಂಟು ತಿಂಗಳದ್ದೇ ಕಷ್ಟ." ನೀವೂ ಕೇಳಿರುತ್ತೀರಿ. ಅಜ್ಜಿ ಹೇಳಿದ್ದು ಪ್ರೀತಿಯಿಂದ. ಆದರೆ ಆ ಮಾತು ನಿಜ ಅಲ್ಲ. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಎಂಟನೇ ತಿಂಗಳಲ್ಲಿ ಹುಟ್ಟಿದ ಮಗುವಿಗೆ ಏಳನೇ ತಿಂಗಳದ್ದಕ್ಕಿಂತ ಉಳಿಯುವ ಅವಕಾಶ ಜಾಸ್ತಿ. ಎಂಟನೇ ತಿಂಗಳಲ್ಲಿ ನೋವು ಬಂದವರು ಈ ಮಾತು ಕೇಳಿ ಕೈಚೆಲ್ಲಬಾರದು.

ಮೊದಲ ದಿನ ನಾನು ಆಪರೇಷನ್ ಆಗಿ ಮಲಗಿದ್ದೆ. ಮಕ್ಕಳನ್ನು ನೋಡಿ ಬಂದದ್ದು ನನ್ನ ಗಂಡ. ದೊಡ್ಡವನು ಕಷ್ಟಪಡುತ್ತಿದ್ದಾನೆ, ಸಣ್ಣವಳು ಪರವಾಗಿಲ್ಲ ಅಂದರು. ನನಗೆ ಅರ್ಥವಾಗಲಿಲ್ಲ. ತೂಕ ಜಾಸ್ತಿ ಇದ್ದವನು ಗಟ್ಟಿ ಇರಬೇಕು ಅಲ್ವಾ? ಸಂಜೆ ಸಿಸ್ಟರ್ ಒಬ್ಬರು ಹೇಳಿದರು: ಬೇಗ ಹುಟ್ಟಿದವರಲ್ಲಿ ಹುಡುಗರಿಗೇ ತೊಂದರೆ ಜಾಸ್ತಿ, ಹುಡುಗಿಯರ ಶ್ವಾಸಕೋಶ ಸ್ವಲ್ಪ ಬೇಗ ಬಲಿಯುತ್ತದೆ. ಇದು ಅವರ ಅನುಭವ ಮಾತ್ರ ಅಲ್ಲ, ವೈದ್ಯರ ಪುಸ್ತಕಗಳಲ್ಲೂ ಇದೆ. ಒಂದೇ ಹೊಟ್ಟೆ, ಒಂದೇ ಇಂಜೆಕ್ಷನ್, ಒಂದೇ ದಿನ. ಆದರೂ ಮಗ ವೆಂಟಿಲೇಟರಿನಲ್ಲಿದ್ದ, ಮಗಳು ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪಿನಲ್ಲಿ ತಾನೇ ಉಸಿರಾಡುತ್ತಿದ್ದಳು.

ಮಗನಿಗೆ ಕಡಿಮೆ ಇದ್ದದ್ದು ಸರ್ಫ್ಯಾಕ್ಟೆಂಟ್ ಅನ್ನುವ ಒಂದು ಜಿಡ್ಡು. ನಮ್ಮೆಲ್ಲರ ಶ್ವಾಸಕೋಶದ ಒಳಗೂ ಅದು ತೆಳ್ಳಗೆ ಹರಡಿಕೊಂಡಿರುತ್ತದೆ. ಅದಿಲ್ಲದಿದ್ದರೆ, ಒದ್ದೆ ಪ್ಲಾಸ್ಟಿಕ್ ಕವರಿನ ಒಳಮೈ ಅಂಟಿಕೊಳ್ಳುವ ಹಾಗೆ, ಉಸಿರು ಬಿಟ್ಟಾಗಲೆಲ್ಲ ಗಾಳಿಯ ಚೀಲಗಳು ಅಂಟಿಕೊಳ್ಳುತ್ತವೆ. ಮಗು ಪ್ರತಿ ಉಸಿರಿಗೂ ಹೊಸದಾಗಿ ಹೋರಾಡಬೇಕು. ಎದೆಯ ಪಕ್ಕೆಗಳು ಒಳಗೆ ಸೆಳೆದುಕೊಳ್ಳುತ್ತವೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ಒಂದು ಗಂಡು ಮಗು ಹುಟ್ಟಿತು. ಹುಟ್ಟಿದ್ದು ಸುಮಾರು 34 ವಾರಕ್ಕೆ, ನನ್ನ ಮಗನಿಗಿಂತ ಎಷ್ಟೋ ಬಲಿತ ಮಗು. ಇದೇ ತೊಂದರೆಯಿಂದ ಎರಡು ದಿನ ಕೂಡ ಬದುಕಲಿಲ್ಲ. ಆಗ ಅವರ ಹತ್ತಿರ ಕೊಡಲು ಏನೂ ಇರಲಿಲ್ಲ. 1980ರಲ್ಲಿ ಜಪಾನಿನ ಡಾಕ್ಟರ್ ಫುಜಿವಾರಾ ಮತ್ತು ಅವರ ಜೊತೆಗಾರರು ದನದ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟೆಂಟನ್ನು ಮಕ್ಕಳಿಗೆ ಕೊಟ್ಟು ಗೆದ್ದರು. ನನ್ನ ಮಗನಿಗೆ ಗಂಟಲಿನ ಪೈಪಿನ ಮೂಲಕ ಅಂಥದ್ದೇ ಬಿಳಿ ಮದ್ದು ಹಾಕಿದರು. ಅವನ ಬಣ್ಣ ಬದಲಾದದ್ದನ್ನು ಗಂಡ ಕಣ್ಣಾರೆ ಕಂಡರು. ದೇಶದ ಅಧ್ಯಕ್ಷರ ಮನೆಯಲ್ಲಿ ಅವತ್ತು ಇಲ್ಲದ ಮದ್ದು ಇವತ್ತು ಮಂಗಳೂರಿನಲ್ಲಿ ಸಿಗುತ್ತದೆ. ಅದನ್ನು ನೆನೆದಾಗ ಕೈಮುಗಿಯುವ ಮನಸ್ಸಾಗುತ್ತದೆ.

ನಾನು ಗಾಲಿಕುರ್ಚಿಯಲ್ಲಿ ಹೋಗಿ ನೋಡಿದ್ದು ಆಮೇಲೆ. ಒಳಗೆ ಹೋದರೆ ಮಗುವಿಗಿಂತ ಮೊದಲು ಮಾನಿಟರ್ ಕಾಣುತ್ತದೆ. ಹಸಿರು ಗೆರೆ ಹೃದಯದ್ದು. ಇನ್ನೊಂದು ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅನ್ನುವ ಸಂಖ್ಯೆ. 100 ಕಂಡರೆ ಯಾರಿಗಾದರೂ ಖುಷಿಯೇ. ಆದರೆ 100 ಬಂದ ಕೂಡಲೇ ಸಿಸ್ಟರ್ ಬಂದು ಆಕ್ಸಿಜನ್ ಕಡಿಮೆ ಮಾಡುತ್ತಾರೆ. ಹೊರಗಿಂದ ಆಕ್ಸಿಜನ್ ಕೊಡುವಾಗ ಇಂಥ ಮಕ್ಕಳಿಗೆ 90ರಿಂದ 95ರ ಒಳಗೆ ಇದ್ದರೆ ಸಾಕು. ಇದರ ಹಿಂದೆ ದೊಡ್ಡ ದುಃಖದ ಕಥೆ ಇದೆ. 1940ರ ದಶಕದಲ್ಲಿ ಬೇಗ ಹುಟ್ಟಿದ ಮಕ್ಕಳಿಗೆ ಇಂಕ್ಯುಬೇಟರಿನಲ್ಲಿ ಧಾರಾಳವಾಗಿ ಆಕ್ಸಿಜನ್ ಕೊಡುತ್ತಿದ್ದರು. ಸಾವಿರಾರು ಮಕ್ಕಳಿಗೆ ಕಣ್ಣು ಹೋಯಿತು. ಜಾಸ್ತಿ ಆಕ್ಸಿಜನ್ನೇ ಕಾರಣ ಅಂತ ಗಟ್ಟಿಯಾಗಿ ಗೊತ್ತಾಗುವಾಗ 1950ರ ದಶಕ ಅರ್ಧ ಕಳೆದಿತ್ತು. ಕಣ್ಣಿನ ವಿಷಯಕ್ಕೆ ನಾನು ಮತ್ತೆ ಬರುತ್ತೇನೆ. ನಮ್ಮ ಮನೆಯಲ್ಲಿ ಅದು ಬರಿಯ ಕಥೆಯಾಗಿ ಉಳಿಯಲಿಲ್ಲ.

ಮಗಳು ಕೆಲವೊಮ್ಮೆ ಉಸಿರಾಡುವುದನ್ನೇ ಮರೆಯುತ್ತಿದ್ದಳು. ಇದಕ್ಕೆ ಅಪ್ನಿಯಾ ಅನ್ನುತ್ತಾರೆ. ಮೆದುಳಿನಲ್ಲಿ ಉಸಿರಾಟ ನಡೆಸುವ ಭಾಗ ಇನ್ನೂ ಬಲಿತಿರುವುದಿಲ್ಲ. ಅಲಾರಾಂ ಹೊಡೆಯುತ್ತದೆ, ಸಿಸ್ಟರ್ ಬಂದು ಪಾದವನ್ನು ಮೆಲ್ಲಗೆ ತಟ್ಟುತ್ತಾರೆ, ಮಗು ಮತ್ತೆ ಉಸಿರೆಳೆಯುತ್ತದೆ. ಅವರಿಗೆ ಅದು ದಿನದ ಕೆಲಸ. ನನಗೆ ಪ್ರತಿ ಸಲವೂ ಜೀವ ಬಾಯಿಗೆ ಬರುತ್ತಿತ್ತು. ಇದಕ್ಕೆ ಕೊಡುವ ಮದ್ದು ಕೆಫೀನ್. ಹೌದು, ಘಟ್ಟದ ಮೇಲೆ ಬೆಳೆಯುವ ಕಾಫಿಯಲ್ಲಿ ಇರುವುದೇ. ಮೂಡಿಗೆರೆಯಿಂದ ಬಂದಿದ್ದ ಇನ್ನೊಂದು ಮಗುವಿನ ಅಜ್ಜ ಇದನ್ನು ಕೇಳಿ, ನಲವತ್ತು ವರ್ಷ ಬೆಳೆಸಿದ್ದು ಸಾರ್ಥಕ ಆಯಿತು ಅಂತ ಕಣ್ಣೊರೆಸಿಕೊಂಡರು.

ಹೊರಗಿನಿಂದ ಫೋನ್ ಬರುತ್ತಲೇ ಇರುತ್ತಿತ್ತು. "ಬಾಲೆಲು ಎಂಚ ಉಲ್ಲ?" ಮಕ್ಕಳು ಹೇಗಿದ್ದಾರೆ ಅಂತ ಪ್ರೀತಿಯ ಪ್ರಶ್ನೆ. ಆದರೆ ಉತ್ತರ ಕೊಡಲು ಆಗುತ್ತಿರಲಿಲ್ಲ. ಮಗಳಿಗೆ ಇವತ್ತು 2 ಎಂಎಲ್ ಹಾಲು ದಕ್ಕಿದೆ, ಮಗನಿಗೆ ರಕ್ತದಲ್ಲಿ ಸೋಂಕು ಅಂತ ರಿಪೋರ್ಟ್ ಬಂದಿದೆ. ಚೆನ್ನಾಗಿದ್ದಾರೆ ಅಂದರೆ ಮಗನಿಗೆ ಮೋಸ. ಚೆನ್ನಾಗಿಲ್ಲ ಅಂದರೆ ಮಗಳ ಆ 2 ಎಂಎಲ್ ಎಲ್ಲಿ ಹೋಯಿತು? ಮೈ ಬೆಚ್ಚಗಿಡುವ ಅವಳ ವಾರ್ಮರ್ ಹತ್ತಿರ ನಿಂತು ಸಂತೋಷ ಪಡುವಾಗ ಬೆನ್ನ ಹಿಂದೆ ಅವನು ಇದ್ದಾನೆ ಅಂತ ನೆನಪಾಗುತ್ತಿತ್ತು. ಅವನ ಹತ್ತಿರ ಅಳುವಾಗ ಅವಳಿಗೆ ಇವತ್ತು ನಗುಮುಖದ ಅಮ್ಮ ಸಿಗಲಿಲ್ಲವಲ್ಲ ಅನ್ನಿಸುತ್ತಿತ್ತು.

ಸಂಬಂಧಿಕರು ಕೆಲವರು ಹೇಳಿದ ಮಾತೊಂದು ತುಂಬಾ ನೋಯಿಸಿತು. "ಒಂದಾದರೂ ಚೆನ್ನಾಗಿದೆಯಲ್ಲ." ದಯವಿಟ್ಟು ಯಾರಿಗೂ ಇದನ್ನು ಹೇಳಬೇಡಿ. ಎರಡು ಮಕ್ಕಳಿರುವುದು ಒಂದು ಹೋದರೆ ಇನ್ನೊಂದಿರಲಿ ಅಂತ ಅಲ್ಲ.

ಕೊನೆಗೆ ದಾರಿ ಹುಡುಕಿಕೊಟ್ಟದ್ದು ನಮ್ಮ ಅತ್ತೆ. ಯಾರು ಫೋನ್ ಮಾಡಿದರೂ "ಯಾರ ಬಗ್ಗೆ ಕೇಳುತ್ತಿದ್ದೀರಿ, ಮೊಮ್ಮಗನೋ ಮೊಮ್ಮಗಳೋ" ಅಂತ ಅವರು ತಿರುಗಿ ಕೇಳಲು ಶುರು ಮಾಡಿದರು. ಒಬ್ಬರ ಸುದ್ದಿ ಪೂರ್ತಿ ಹೇಳಿ ಆಮೇಲೆ ಇನ್ನೊಬ್ಬರದ್ದು. ನಾವೂ ಹಾಗೇ ಮಾಡಿದೆವು. ಡಾಕ್ಟರ ಹತ್ತಿರ ಮಾತಾಡುವಾಗಲೂ ಎರಡು ನೋಟ್‌ಬುಕ್, ಎರಡು ಪ್ರಶ್ನೆಪಟ್ಟಿ. ಇವಳು ಹೀಗಿದ್ದಾಳೆ, ಅವನು ಯಾಕೆ ಹಾಗಿಲ್ಲ ಅನ್ನುವ ಪ್ರಶ್ನೆಗೆ ಅಲ್ಲಿ ಜಾಗವೇ ಇರಲಿಲ್ಲ. ನೀವು ಅವಳಿಗಳ ಅಪ್ಪ ಅಮ್ಮ ಆಗಿದ್ದರೆ, ಮೊದಲ ದಿನವೇ ಎರಡು ಪುಸ್ತಕ ತೆಗೆದುಕೊಳ್ಳಿ ಅನ್ನುತ್ತೇನೆ.

ಈಗ ಹಾಲಿನ ವಿಷಯ. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ.

ಬೇಗ ಹುಟ್ಟಿದ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಂಡು ಮಾಡಲು ಬರುವುದು ಸುಮಾರು 34 ವಾರದ ಹೊತ್ತಿಗೆ. ಅಲ್ಲಿಯವರೆಗೆ ಬಾಯಿಯಿಂದ ಹೊಟ್ಟೆಗೆ ಇಳಿಸಿದ ಸಣ್ಣ ಪೈಪಿನಲ್ಲಿ ಹಾಲು. ಆ ಹಾಲು ಅಮ್ಮನದ್ದೇ ಆದರೆ ಎಲ್ಲಕ್ಕಿಂತ ಒಳ್ಳೆಯದು. ಕರುಳು ಕೊಳೆಯುವ ಎನ್‌ಇಸಿ ಅನ್ನುವ ಭಯಂಕರ ಕಾಯಿಲೆ ಇದೆ. ತಾಯಿಹಾಲು ಕುಡಿದ ಮಕ್ಕಳಿಗೆ ಅದು ಬರುವುದು ಕಡಿಮೆ. ಹಾಗಾಗಿ ಡಾಕ್ಟರು ನಿಮ್ಮ ಹಾಲೇ ಮದ್ದು ಅಂದಾಗ ಅದು ಸುಮ್ನೆ ಸಮಾಧಾನದ ಮಾತಲ್ಲ.

ಆದರೆ ಮಗು ಎದೆಗೆ ಬಾರದೆ ಹಾಲು ಬರಿಸುವುದು ಹೇಗೆ? ಎರಡು ಮೂರು ಗಂಟೆಗೊಮ್ಮೆ ಹಿಂಡಬೇಕು. ರಾತ್ರಿಯೂ ಬಿಡಬಾರದು. ಮೊದಲು ಬರುವುದು ಹಳದಿ ಗಿಣ್ಣು ಹಾಲು, ಅದೂ ಹನಿ ಲೆಕ್ಕದಲ್ಲಿ. ಸಿರಿಂಜಿನ ತುದಿಯಲ್ಲಿ ಅರ್ಧ ಎಂಎಲ್ ಕಂಡಾಗ ನನಗೆ ಅಳು ಬಂತು, ಇದನ್ನು ಯಾರಿಗೆ ಕೊಡುವುದು ಅಂತ. ಒಂದೇ ಮಗು ಇರುವವರಿಗೆ ಈ ಪ್ರಶ್ನೆ ಬರುವುದಿಲ್ಲ. ಸಿಸ್ಟರ್ ಸಮಾಧಾನವಾಗಿ ಹೇಳಿದರು: ಮಗನಿಗೆ ಫೀಡ್ ಇನ್ನೂ ಶುರುವಾಗಿಲ್ಲ, ಅವನ ಕೆನ್ನೆಯ ಒಳಗೆ ಎರಡು ಹನಿ ಸವರೋಣ, ಉಳಿದದ್ದು ಮಗಳಿಗೆ. ಆ ಎರಡು ಹನಿಯಿಂದಲೂ ಉಪಯೋಗ ಇದೆ ಅಂತ ನಂಬಿ ಹಾಗೆ ಮಾಡುತ್ತಾರಂತೆ. ನನಗಂತೂ ಅದರಿಂದ ದೊಡ್ಡ ಉಪಯೋಗ ಆಯಿತು. ಇಬ್ಬರಿಗೂ ಕೊಟ್ಟೆ ಅನ್ನುವ ನೆಮ್ಮದಿ.

ಕೈಯಲ್ಲಿ ಹಿಂಡುವ ಸರಿಯಾದ ರೀತಿ ಕಲಿಸಿದ್ದು ಹಾಲಿನ ಕೋಣೆಯಲ್ಲಿ ಪಕ್ಕ ಕೂತಿದ್ದ ಒಬ್ಬ ಬ್ಯಾರಿ ಅಕ್ಕ. ಉಳ್ಳಾಲದ ಕಡೆಯವರು. ತೊಟ್ಟಿನ ಹತ್ತಿರ ಎಳೆಯಬಾರದು, ಕಪ್ಪು ಭಾಗದ ಹೊರಗೆ ಬೆರಳಿಟ್ಟು ಮೊದಲು ಹಿಂದಕ್ಕೆ ಒತ್ತಬೇಕು, ಆಮೇಲೆ ಒಳಗೆ. ಅವರು ನನ್ನ ಕೈ ಹಿಡಿದು ತೋರಿಸಿದ ಮೇಲೆ ಹಾಲು ಬಂತು. ಆ ಕೋಣೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಘಟ್ಟದ ಕನ್ನಡ ಎಲ್ಲ ಕೇಳುತ್ತಿತ್ತು. ಕಾಸರಗೋಡಿನವರು, ಸುಳ್ಯದವರು, ಸಕಲೇಶಪುರದವರು. ಯಾರ ಮಗುವಿಗೆ ಎಷ್ಟು ಗ್ರಾಂ ಏರಿತು ಅನ್ನುವುದು ಎಲ್ಲರಿಗೂ ಗೊತ್ತಿರುತ್ತಿತ್ತು. ಒಬ್ಬರ ಮಗು ಹೋದ ದಿನ ಯಾರೂ ಮಾತಾಡಲಿಲ್ಲ. ಆ ತಾಯಿಗೆ ಹಾಲು ನಿಲ್ಲಲು ಮದ್ದು ಕೊಟ್ಟರು ಅಂತ ಮಾತ್ರ ಕೇಳಿದೆ. ಅದಕ್ಕಿಂತ ಹೆಚ್ಚು ಬರೆಯುವ ಹಕ್ಕು ನನಗಿಲ್ಲ.

ಹಾಲು ಸಾಲದಿದ್ದರೆ ದಾನಿಗಳ ಹಾಲು ಇದೆ. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ಶುರುವಾದದ್ದು ನಮ್ಮ ದೇಶದಲ್ಲೇ, 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ. ಡಾಕ್ಟರ್ ಅರ್ಮಿಡಾ ಫರ್ನಾಂಡಿಸ್ ಅವರು ಶುರು ಮಾಡಿದ್ದು. ದಾನಿಯ ರಕ್ತ ಪರೀಕ್ಷೆ ಮಾಡುತ್ತಾರೆ. ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಇಟ್ಟು ಪಾಶ್ಚರೀಕರಿಸುತ್ತಾರೆ. ಬೇರೆಯವರ ಹಾಲು ಅಂತ ನಮ್ಮ ಮನೆಯ ಹಿರಿಯರು ಮೊದಲು ಹಿಂದೆ ಮುಂದೆ ನೋಡಿದರು. ನನಗೆ ಆ ಸಂಕೋಚ ಇರಲಿಲ್ಲ. ನನ್ನ ಹಾಲು ಜಾಸ್ತಿ ಆದಾಗ ಬೇರೆ ಮಗುವಿಗೆ ಕೊಡಲು ಸಂತೋಷವಾಗಿ ಒಪ್ಪಿದೆ.

ಮಗಳು ಸ್ವಲ್ಪ ಗಟ್ಟಿಯಾದ ಮೇಲೆ ಸಿಸ್ಟರ್ ಅವಳನ್ನು ನನ್ನ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವ ಹಾಗೆ ಮಲಗಿಸಿದರು. ಕಾಂಗರೂ ಕೇರ್. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಡಾಕ್ಟರ್ ಎಡ್ಗರ್ ರೇ ಇದನ್ನು ಶುರು ಮಾಡಿದ್ದರು. ಆಸ್ಪತ್ರೆ ತುಂಬಿ ತುಳುಕುತ್ತಿತ್ತು, ಇಂಕ್ಯುಬೇಟರ್ ಸಾಲುತ್ತಿರಲಿಲ್ಲ. ಇಲ್ಲದವರ ಉಪಾಯ ಅಂತ ಹುಟ್ಟಿದ್ದು ಈಗ ಇದ್ದವರಿಗೂ ಬೇಕಾದ ಚಿಕಿತ್ಸೆ. ಮಗುವಿನ ಮೈಬಿಸಿ ನಿಲ್ಲುತ್ತದೆ, ಹೃದಯದ ಬಡಿತ ಹದಕ್ಕೆ ಬರುತ್ತದೆ, ಅಮ್ಮನ ಹಾಲು ಏರುತ್ತದೆ. ಅವತ್ತು ಸಂಜೆ ನನ್ನ ಹಾಲು ಎಂದಿಗಿಂತ ಜಾಸ್ತಿ ಬಂತು.

ಮಗನನ್ನು ಎತ್ತಲು ಇನ್ನೂ ಬಿಟ್ಟಿರಲಿಲ್ಲ. ಅವನನ್ನು ಹೇಗೆ ಮುಟ್ಟಬೇಕು ಅಂತ ಸಿಸ್ಟರ್ ಕಲಿಸಿದರು. ಸವರಬೇಡಿ, ತಟ್ಟಬೇಡಿ, ಆ ಚರ್ಮಕ್ಕೆ ಅದು ಕಿರಿಕಿರಿ. ಒಂದು ಕೈ ತಲೆಗೆ, ಒಂದು ಕೈ ಪಾದಕ್ಕೆ, ಮೆತ್ತಗೆ ಒತ್ತಿ ಸುಮ್ಮನೆ ಇಡಿ. ಹೊಟ್ಟೆಯಲ್ಲಿ ಅವನಿಗೆ ಸುತ್ತಲೂ ಗೋಡೆ ಇತ್ತು, ಈಗ ನಿಮ್ಮ ಕೈಯೇ ಗೋಡೆ ಅಂದರು. ಮುಂದೆ ಅವನನ್ನೂ ಎತ್ತಿಕೊಳ್ಳುವ ದಿನ ಬಂದಾಗ ಒಬ್ಬರು ನನ್ನ ಎದೆಯ ಮೇಲೆ, ಒಬ್ಬರು ಅಪ್ಪನ ಎದೆಯ ಮೇಲೆ. ಮರುದಿನ ಅದಲುಬದಲು. ಕಾಂಗರೂ ಕೇರ್ ಅಪ್ಪನೂ ಮಾಡಬಹುದು, ಅಜ್ಜಿಯೂ ಮಾಡಬಹುದು. ಅಂಗಿ ಗುಂಡಿ ಬಿಚ್ಚಿ ಕೂತ ನನ್ನ ಗಂಡ ಕಾಲು ಜೋಮು ಹಿಡಿದರೂ ಅಲ್ಲಾಡುತ್ತಿರಲಿಲ್ಲ.

ಇಲ್ಲಿ ಒಂದು ಸಿಟ್ಟಿನ ಮಾತೂ ಹೇಳಲೇಬೇಕು. ಇಷ್ಟೆಲ್ಲ ಒಳ್ಳೆಯದಿದ್ದರೂ ನಮ್ಮನ್ನು ಒಳಗೆ ಬಿಡುತ್ತಿದ್ದುದು ಗಂಟೆ ಲೆಕ್ಕದಲ್ಲಿ. ಅಪ್ಪನಿಗಂತೂ ಇನ್ನೂ ಕಡಿಮೆ. ರೋಗಿಯನ್ನು ನೋಡಲು ಬರುವ ನೆಂಟರಿಗೆ ಇರುವ ನಿಯಮವೇ ನಮಗೂ. ಅಮ್ಮನ ಹಾಲು ಮದ್ದು, ಅಮ್ಮನ ಎದೆ ಮದ್ದು ಅಂತ ಗೋಡೆಯ ಮೇಲೆ ಬರೆದು, ಆ ಅಮ್ಮನನ್ನೇ ಬಾಗಿಲ ಹೊರಗೆ ಕೂರಿಸುವುದು ಯಾವ ನ್ಯಾಯ? ಸೋಂಕು ತಡೆಯಲು ಅನ್ನುತ್ತಾರೆ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದನ್ನೇ ನೋಡಿತ್ತು. ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾದ ಐದು ಆಸ್ಪತ್ರೆಗಳು. ನಮ್ಮ ದೇಶದ್ದು ದೆಹಲಿಯ ಸಫ್ದರ್‌ಜಂಗ್. 1 ಕೆಜಿಯಿಂದ 1.8 ಕೆಜಿ ಒಳಗಿನ ಮಕ್ಕಳು. ಒಂದು ಗುಂಪಿನಲ್ಲಿ ಅಮ್ಮಂದಿರಿಗೂ ಮಗುವಿನ ಪಕ್ಕದಲ್ಲೇ ಹಾಸಿಗೆ ಕೊಟ್ಟು, ಹುಟ್ಟಿದ ಸ್ವಲ್ಪ ಹೊತ್ತಿನಿಂದಲೇ ಕಾಂಗರೂ ಕೇರ್ ಶುರು ಮಾಡಿದರು. ಇನ್ನೊಂದು ಗುಂಪಿನಲ್ಲಿ ಹಳೆಯ ಪದ್ಧತಿ: ಮಗು ಸುಧಾರಿಸಿದ ಮೇಲೆ. ಮೊದಲ ಗುಂಪಿನಲ್ಲಿ ಸಾವು ಕಾಲು ಭಾಗದಷ್ಟು ಕಡಿಮೆಯಾಯಿತು. ಸೋಂಕೂ ಕಡಿಮೆಯಾಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ ಕೂಡಲೇ ಕಾಂಗರೂ ಕೇರ್ ಶುರು ಮಾಡಿ ಅಂತ ಸಲಹೆ ಕೊಟ್ಟಿತು. ಅಪ್ಪ ಅಮ್ಮ ನೋಡಲು ಬಂದವರಲ್ಲ. ಚಿಕಿತ್ಸೆಯಲ್ಲಿ ಅವರೂ ಒಂದು ಭಾಗ. ಬಾಗಿಲ ಮೇಲಿನ ಸಮಯದ ಬೋರ್ಡು ಬದಲಾಗಲೇಬೇಕು.

ಆ ನಿಯಮದ ಬಿಸಿ ಪೂರ್ತಿ ತಟ್ಟಿದ್ದು ಮಗಳು ಡಿಸ್ಚಾರ್ಜ್ ಆದಾಗ. ಅಷ್ಟಮಿಯ ಹೊತ್ತು. ಅವಳು 1,650 ಗ್ರಾಂ ಆಗಿದ್ದಳು, ಪಾಲಡೆ ಅನ್ನುವ ಮೂತಿಯಿರುವ ಸಣ್ಣ ಬಟ್ಟಲಿನಲ್ಲಿ ಕುಡಿಯುತ್ತಿದ್ದಳು, ಎದೆ ಚೀಪಲು ಕಲಿತಿದ್ದಳು. ಮಗ ಸೋಂಕಿನಿಂದ ಎದ್ದು ಬಂದಿದ್ದ. ಆದರೆ ಆಕ್ಸಿಜನ್ ಬಿಡಲು ಆಗುತ್ತಿರಲಿಲ್ಲ. ಮನೆಗೆ ಹೋದ ಮಗುವನ್ನು ನಮ್ಮ ಜೊತೆ ಮತ್ತೆ ಒಳಗೆ ತರುವ ಹಾಗಿಲ್ಲ. ನಾನು ಮಂಗಳೂರಿನ ಬಿಜೈಯಲ್ಲಿ ನಾದಿನಿಯ ಮನೆಯಲ್ಲಿ ಮಗಳ ಜೊತೆ ಇದ್ದರೆ ಮಗನ ಹತ್ತಿರ ಇಲ್ಲ. ಮಗನ ಹತ್ತಿರ ಇದ್ದರೆ ಮಗಳಿಗೆ ಎದೆಹಾಲಿಲ್ಲ. ಎಲ್ಲರೂ ಅಭಿನಂದನೆ ಹೇಳುತ್ತಿದ್ದರು. ನಾನು ಹಾಲು ತುಂಬಿದ ಡಬ್ಬಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಗಂಡನ ಕೈಯಲ್ಲಿ ಕಳಿಸುತ್ತಿದ್ದೆ. ಡಬ್ಬಿಯ ಮೇಲೆ ಟ್ವಿನ್ 1 ಅಂತ ಬರೆಯುವಾಗ ಕೈ ತಡೆಯುತ್ತಿತ್ತು. ಆಸ್ಪತ್ರೆಗಳು ಅವಳಿಗಳ ತಾಯಿಗಾಗಿ ಒಂದು ಸಣ್ಣ ಕೋಣೆ ಇಟ್ಟರೆ ಸಾಕು. ಮನೆಗೆ ಹೋಗಬಹುದಾದ ಮಗು, ಇನ್ನೂ ಒಳಗಿರುವ ಮಗು, ಇಬ್ಬರ ನಡುವೆ ಅವಳು ನಡೆದು ಹೋಗುವಷ್ಟು ಹತ್ತಿರ.

ಮತ್ತೆ ಕಣ್ಣಿಗೆ ಬರುತ್ತೇನೆ. ಇದನ್ನು ಓದುವವರು ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಬೇಗ ಹುಟ್ಟಿದ ಮಗುವಿನ ಕಣ್ಣಿನ ಹಿಂಭಾಗದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಕೆಲವರಲ್ಲಿ ಅವು ಅಡ್ಡಾದಿಡ್ಡಿ ಬೆಳೆದು ಅಕ್ಷಿಪಟಲವನ್ನೇ ಎಳೆದು ಕಿತ್ತುಬಿಡುತ್ತವೆ. ಇದಕ್ಕೆ ಆರ್‌ಒಪಿ ಅನ್ನುತ್ತಾರೆ. ಹೊರಗಿಂದ ಏನೂ ಕಾಣುವುದಿಲ್ಲ. ಕಣ್ಣು ಕೆಂಪಾಗುವುದಿಲ್ಲ, ಮಗು ಅಳುವುದೂ ಇಲ್ಲ. ಅಮೆರಿಕದಲ್ಲಿ 1,500 ಗ್ರಾಂ ಒಳಗಿನ ಮಕ್ಕಳನ್ನು ಪರೀಕ್ಷೆ ಮಾಡುತ್ತಾರೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಕ್ಕಳಿಗೂ ಬರುವುದರಿಂದ 2,000 ಗ್ರಾಂಗಿಂತ ಕಡಿಮೆ ಇದ್ದ, ಇಲ್ಲವೇ 34 ವಾರಕ್ಕಿಂತ ಮೊದಲು ಹುಟ್ಟಿದ ಎಲ್ಲರಿಗೂ ಪರೀಕ್ಷೆ ಆಗಬೇಕು. 30 ದಿನ ತುಂಬುವುದರೊಳಗೆ ಮೊದಲ ಸಲ. 1,200 ಗ್ರಾಂಗಿಂತ ಕಡಿಮೆ ಇದ್ದರೆ ಎರಡು ಮೂರು ವಾರಕ್ಕೇ. ಹಾಗಾಗಿ ನನ್ನ ಮಗಳಿಗೆ ಮೊದಲು ಆಯಿತು, ಮಗನಿಗೆ ಆಮೇಲೆ. ನಮ್ಮ ರಾಜ್ಯದಲ್ಲಿ 2008ರಿಂದ ಕಿಡ್‌ರಾಪ್ ಅನ್ನುವ ಯೋಜನೆ ಇದೆ. ಕಣ್ಣಿನ ಡಾಕ್ಟರು ಇಲ್ಲದ ಊರುಗಳಿಗೆ ತಂತ್ರಜ್ಞರು ಕ್ಯಾಮೆರಾ ತೆಗೆದುಕೊಂಡು ಹೋಗಿ, ಮಕ್ಕಳ ಕಣ್ಣಿನ ಫೋಟೊ ತೆಗೆದು ಬೆಂಗಳೂರಿಗೆ ಕಳಿಸುತ್ತಾರೆ.

ಮಗಳ ಮೊದಲ ಪರೀಕ್ಷೆಗಳಲ್ಲಿ "ಇನ್ನೂ ಬೆಳೆಯಬೇಕು, ಮತ್ತೆ ಬನ್ನಿ" ಅಂದಿದ್ದರು. ಮನೆಗೆ ಬಂದ ಮೇಲೆ ಮುಂದಿನ ತಾರೀಕಿಗೆ ಕರೆದುಕೊಂಡು ಹೋದೆವು. ಅವತ್ತು ಮಳೆ ಜೋರಾಗಿತ್ತು. ಇಷ್ಟು ಚಿಕ್ಕ ಮಗುವನ್ನು ಈ ಮಳೆಯಲ್ಲಿ ಯಾಕೆ ಹೊರಗೆ ತರುತ್ತೀರಿ, ಚೌತಿ ಕಳೆದ ಮೇಲೆ ಹೋದರಾಯಿತು ಅಂತ ಮನೆಯಲ್ಲಿ ಅಂದರು. ಗಂಡ ಒಪ್ಪಲಿಲ್ಲ. ಡಾಕ್ಟರು ನೋಡಿ, ಎರಡು ದಿನದ ಒಳಗೆ ಲೇಸರ್ ಆಗಲೇಬೇಕು ಅಂದರು. ಚೌತಿವರೆಗೆ ಕಾದಿದ್ದರೆ ಅವಳ ಕಣ್ಣು ಉಳಿಯುತ್ತಿತ್ತೋ ಇಲ್ಲವೋ. ವಾರಗಟ್ಟಲೆ ನಾವೆಲ್ಲ ಚೆನ್ನಾಗಿದ್ದಾಳೆ, ಗಟ್ಟಿ ಇದ್ದಾಳೆ ಅಂತ ಹೇಳುತ್ತಿದ್ದದ್ದು ಅವಳ ಬಗ್ಗೆಯೇ. ಆಕ್ಸಿಜನ್ ಜಾಸ್ತಿ ತೆಗೆದುಕೊಂಡ ಮಗನ ಕಣ್ಣು ಚೆನ್ನಾಗಿತ್ತು. ಹುಟ್ಟುವಾಗಿನ ತೂಕ ಕಡಿಮೆ ಇರುವುದೂ ಒಂದು ಕಾರಣ ಅಂದರು ಡಾಕ್ಟರು. ಲೇಸರ್ ಆದ ಮೇಲೆ ನಿಗಾಕ್ಕೆ ಅಂತ ಅವಳನ್ನು ಮತ್ತೆ ಎನ್‌ಐಸಿಯುಗೆ ಸೇರಿಸಿದರು. ಇಬ್ಬರೂ ಮತ್ತೆ ಒಂದೇ ಸೂರಿನಡಿ.

ಮಗ ಮನೆಗೆ ಬಂದದ್ದು ಚೌತಿ ಕಳೆದ ಮೇಲೆ. ಅವರು ಹುಟ್ಟಬೇಕಾಗಿದ್ದ ದಿನ ಇನ್ನೂ ಬಂದಿರಲಿಲ್ಲ! ನವರಾತ್ರಿಗೆ ಹುಲಿವೇಷದವರು ಊರಿಗೆ ಬಂದಾಗ ತಾಸೆಯ ಸದ್ದು ನಮ್ಮ ಅಂಗಳಕ್ಕೆ ಬರದ ಹಾಗೆ ಗಂಡ ದಾರಿಯಲ್ಲೇ ಕಾಣಿಕೆ ಕೊಟ್ಟು ಕೈಮುಗಿದು ಕಳಿಸಿದರು. ಹುಡುಗರಿಗೆ ವಿಷಯ ಗೊತ್ತಿತ್ತು. ತಂಡದ ದೊಡ್ಡವರು ಇಬ್ಬರಿಗೂ ಅಂತ ಎರಡು ಬಾಳೆಹಣ್ಣು ಕೊಟ್ಟು ಹೋದರು.

ಇಂಥ ಮಕ್ಕಳ ವಯಸ್ಸನ್ನು ಎರಡು ಲೆಕ್ಕದಲ್ಲಿ ಇಡುತ್ತಾರೆ. ಹುಟ್ಟಿದ ದಿನದಿಂದ ಒಂದು, ಹುಟ್ಟಬೇಕಾಗಿದ್ದ ದಿನದಿಂದ ಒಂದು. ಲಸಿಕೆ ಮೊದಲನೆಯ ಲೆಕ್ಕಕ್ಕೆ. ಕತ್ತು ನಿಲ್ಲುವುದು, ಮಗುಚುವುದು, ಕೂರುವುದು ಎರಡನೆಯದಕ್ಕೆ. ಆದರೆ ರಜೆಯ ಕಾನೂನಿಗೆ ಗೊತ್ತಿರುವುದು ಒಂದೇ ಲೆಕ್ಕ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಯಿತು. ಮಗು ಎನ್‌ಐಸಿಯುನಲ್ಲಿದ್ದ ವಾರಗಳೂ ಅದರಲ್ಲೇ ಕಳೆದುಹೋಗುತ್ತವೆ. ಅವಳಿ ಅಂತ ಹೆಚ್ಚಿಗೆ ಏನೂ ಇಲ್ಲ. ನನ್ನ ರಜೆ ಮುಗಿದಾಗ ಎರಡನೆಯ ಲೆಕ್ಕದಲ್ಲಿ ಮಕ್ಕಳಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ಸಂಬಳವಿಲ್ಲದ ರಜೆ ಹಾಕಿದೆ. ಹಾಗೆ ಹಾಕಲು ಎಲ್ಲರಿಗೂ ಆಗುವುದಿಲ್ಲ. ಮಗು ಆಸ್ಪತ್ರೆಯಲ್ಲಿರುವ ವಾರಗಳನ್ನು ಈ 26ರಿಂದ ಹೊರಗಿಡಬೇಕು.

ಎರಡು ವರ್ಷ ತುಂಬಿದ ಮೇಲೆ ಆ ಎರಡನೆಯ ಲೆಕ್ಕ ಸಾಕು ಅಂದರು ಡಾಕ್ಟರು. ಈಗ ಇಬ್ಬರೂ ಓಡುತ್ತಾರೆ. ಮಗ ಮೊದಲು ನಡೆದ, ಮಗಳು ಮೊದಲು ಮಾತಾಡಿದಳು. ಲೇಸರ್ ಆದವರಲ್ಲಿ ಸಮೀಪದೃಷ್ಟಿ ಸಾಮಾನ್ಯ, ಹಾಗಾಗಿ ಅವಳಿಗೆ ಕನ್ನಡಕ ಬಂದಿದೆ. ಹಿಂದಿನಿಂದ ಎಲಾಸ್ಟಿಕ್ ಕಟ್ಟಿದ, ಕೆಂಪು ಬಣ್ಣದ್ದು, ಅವಳೇ ಆರಿಸಿದ್ದು. ಮಗನಿಗೆ ಮಳೆಗಾಲದಲ್ಲಿ ಉಬ್ಬಸ ಬರುತ್ತದೆ, ಈ ಸಲ ಕಳೆದ ವರ್ಷಕ್ಕಿಂತ ಕಡಿಮೆ. ಮಗಳ ಕಣ್ಣಿನ ಪರೀಕ್ಷೆ ಮುಂದಿನ ತಿಂಗಳು. ಮಗನ ಎದೆಯ ಡಾಕ್ಟರದ್ದು ಅದರ ಮುಂದಿನ ವಾರ. ಒಂದೇ ದಿನ ಮಾಡಿಸಿಕೊಳ್ಳಬಹುದಿತ್ತು. ಬೇರೆ ಬೇರೆ ದಿನವೇ ಇರಲಿ ಅಂದೆ.